ಆಲ್ಟ್ರೇಷನ್ ಫ್ರೀ ಸರ್

ನಮ್ಮ ಕಡೆ ರಿಸೆಪ್ಷನ್ ಸೂಟು ಹೆಣ್ಣಿನ ಮನೆಯವರ ಲೆಕ್ಕ. ನಂದೂ ಹಾಗೇ ಬಂತು. ಮಾವ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಮಾಲ್‌ನ ಅಂಗಡಿವರೆಗೂ ಜೊತೆಗೇ ಬಂದು, ಸೋಫಾ ಮೇಲೆ ಕೂತು, ಬೆಲೆ ಚೀಟಿ ಕಣ್ಣಿಗೇ ಬಿದ್ದಿಲ್ಲ ಅನ್ನೋ ಹಾಗೆ ಇದ್ದರು. ನನ್ನ ಅಳತೆ 38. ಆ ಬಣ್ಣದಲ್ಲಿ 38 ಇರಲಿಲ್ಲ, ಸೇಲ್ಸ್ ಹುಡುಗ 40 ತಂದು ತೊಡಿಸಿದ. ದೊಗಲೆ. "ಡೋಂಟ್ ವರಿ ಸರ್" ಅಂತ ನನ್ನ ಹಿಂದೆ ಹೋಗಿ, ಬೆನ್ನಿನ ಬಟ್ಟೆಯನ್ನ ಮುಷ್ಟಿಯಲ್ಲಿ ಹಿಡಿದು ಎಳೆದ. ಕನ್ನಡಿಯಲ್ಲಿ ನಾನು ಥೇಟ್ ಜಾಹೀರಾತಿನ ಮನುಷ್ಯ! "ಇಷ್ಟೇ ಸರ್. ಆಲ್ಟ್ರೇಷನ್ ಫ್ರೀ." ಮಾವ ತಲೆಯಾಡಿಸಿ ಕಾರ್ಡು ತೆಗೆದರು.

ನನ್ನ ತಕರಾರು ಇರೋದು ಆ ಮುಷ್ಟಿಯ ಮೇಲೆ. ನೀವೂ ನೋಡಿರ್ತೀರಿ. ರೆಡಿಮೇಡ್ ಕೋಟು ಮಾರೋ ಅಂಗಡಿಗಳಲ್ಲೆಲ್ಲ ಅದೇ ನಾಟಕ. ಬೆನ್ನ ಹಿಂದಿನ ಕೈ ಕನ್ನಡಿಗೆ ಕಾಣಲ್ಲ. ಅದು ತೋರಿಸೋದು ಸೊಂಟವನ್ನ ಮಾತ್ರ. ಆದರೆ ಕೋಟು ನೇತಾಡೋದು ಭುಜದಿಂದ ಅಲ್ವಾ? ಭುಜ ಸರಿಯಿದ್ದರೆ ಉಳಿದದ್ದನ್ನ ಹೇಗೋ ದಾರಿಗೆ ತರಬಹುದು. ಭುಜ ದೊಡ್ಡದಾಯ್ತೋ, ಅದನ್ನ ಇಳಿಸೋಕೆ ತೋಳನ್ನ ಪೂರ್ತಿ ಬಿಚ್ಚಬೇಕು, ಒಳಗಿನ ಪ್ಯಾಡ್ ಸರಿಸಬೇಕು, ಕಂಕುಳ ಸುತ್ತು ಮತ್ತೆ ಕತ್ತರಿಸಿ ತೋಳು ಕೂರಿಸಬೇಕು. ಫ್ರೀ ಕೌಂಟರಿನಲ್ಲಿ ಇದನ್ನ ಯಾರೂ ಮಾಡಲ್ಲ. ಅಂಗಡಿಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ: ಗೋಡೆಗೆ ಪಕ್ಕವಾಗಿ ಒತ್ತಿ ನಿಂತುಕೊಳ್ಳಿ. ನಿಮ್ಮ ತೋಳಿಗಿಂತ ಮೊದಲು ಕೋಟಿನ ಪ್ಯಾಡ್ ಗೋಡೆ ಮುಟ್ಟಿದರೆ, ವಾಪಸ್ ಕೊಟ್ಟು ಬನ್ನಿ. ಉದ್ದದ ಕತೆಯೂ ಹೆಚ್ಚು ಕಡಿಮೆ ಇದೇ. ಕೆಳಗಡೆ ಒಂದಿಂಚಿಗಿಂತ ಜಾಸ್ತಿ ಕತ್ತರಿಸಿದರೆ ಜೇಬು ಅಂಚಿಗೆ ಬಂದು ಕೂರುತ್ತೆ.

ನನ್ನ ಕೋಟಿನ ಪಕ್ಕದ ಹೊಲಿಗೆಗಳಲ್ಲಿ ಒಟ್ಟು 3 ಇಂಚು ಒಳಗೆ ಹಿಡಿದಿದ್ದರು. ಎರಡೂ ಜೇಬು ಹಿಂದಕ್ಕೆ ಸರಿದಿದ್ದವು. ರಿಸೆಪ್ಷನ್ ದಿನ ಕರ್ಚೀಫಿಗೆ ಕೈ ಹಾಕಿದರೆ, ಬಸ್ಸಲ್ಲಿ ಪರ್ಸ್ ಹೋಯ್ತೇನೋ ಅಂತ ಹಿಂದೆ ತಡಕಾಡೋ ಹಾಗೆ. ಹಿಂಬದಿಯ ಸೀಳುಗಳು ಬಾಯಿ ಬಿಟ್ಟುಕೊಂಡಿದ್ದವು. ಆಲ್ಬಮ್ಮಿನ ಫೋಟೋಗಳಲ್ಲಿ ಭುಜದ ತುದಿಯ ಕೆಳಗೆ ಎರಡೂ ಕಡೆ ಒಂದೊಂದು ಕುಳಿ. ಸೊಂಟ ಮಾತ್ರ ಬಹಳ ಚೆನ್ನಾಗಿದೆ.

ಇದಕ್ಕೆ ಫ್ಯಾಷನ್ನಿನ ಪಾಲೂ ಇದೆ ಅನ್ನಿ. 1980ರ 'ಅಮೆರಿಕನ್ ಜಿಗಲೋ' ಸಿನಿಮಾದಲ್ಲಿ ರಿಚರ್ಡ್ ಗೇರ್ ಹಾಕಿದ ಅರ್ಮಾನಿ ಕೋಟುಗಳು ಸಡಿಲವಾಗಿ ಜಾರುವಂಥವು. 2000ದ ನಂತರ ಡಿಯೋರ್‌ನ ಗಂಡಸರ ಉಡುಪಿನ ವಿಭಾಗದಲ್ಲಿ ಹೆಡಿ ಸ್ಲಿಮಾನ್ ಎಲ್ಲವನ್ನೂ ಕಡ್ಡಿಯಷ್ಟು ಕಿರಿದು ಮಾಡಿದ. ಆತ ಭುಜವನ್ನೂ ಸೇರಿಸಿಯೇ ಕಿರಿದು ಮಾಡಿದ್ದ. ನಮ್ಮ 'ಸ್ಲಿಮ್ ಫಿಟ್'ಗೆ ಸೊಂಟ ಬಿಟ್ಟರೆ ಬೇರೆ ಅಂಗವೇ ಇಲ್ಲ.

ಎರಡು ವರ್ಷ ಆದಮೇಲೆ ನಾದಿನಿ ಮದುವೆ. "ಅದೇ ಸೂಟು ಹಾಕ್ಕೊಳ್ಳಿ, ಎಷ್ಟು ಚೆನ್ನಾಗಿ ಒಪ್ಪತ್ತೆ ನಿಮಗೆ" ಅಂದರು ಮಾವ. ಹೊಸದು ತಗೊಳ್ಳೋ ದುಡ್ಡು ನನ್ನ ಹತ್ರ ಇತ್ತು, ಅದನ್ನ ಅವರ ಮುಂದೆ ಹೇಳೋ ಧೈರ್ಯ ಇರಲಿಲ್ಲ. ಮಲ್ಲೇಶ್ವರದ ಒಂದು ಕ್ರಾಸ್‌ನಲ್ಲಿ, ಮೆಟ್ಟಿಲ ಕೆಳಗೆ ಮಿಷನ್ ಇಟ್ಟುಕೊಂಡಿರೋ ವಯಸ್ಸಾದ ಟೈಲರ್ ಹತ್ರ ಹೋದೆ. ಅವರು ಸೊಂಟದ ಕಡೆ ನೋಡಲೇ ಇಲ್ಲ. ಕೈ ಕೆಳಗೆ ಬಿಟ್ಟು ಸುಮ್ನೆ ನಿಲ್ಲಿ ಅಂದರು, ಸುತ್ತ ಒಂದು ಸಲ ಬಂದರು. ಆಮೇಲೆ ಲೈನಿಂಗ್ ಒಂದಿಷ್ಟು ಬಿಚ್ಚಿ ಒಳಗೆ ಇಣುಕಿದರು.

"ಪುಣ್ಯಕ್ಕೆ ಬಟ್ಟೆ ಕತ್ರಿಸಿಲ್ಲ ಸಾರ್, ಮಡಿಸಿಟ್ಟವ್ರೆ. ಪಕ್ಕದಲ್ಲಿ ಬಿಡ್ತೀನಿ, ಬೆನ್ನಿನ ನಡುವಿನ ಹೊಲ್ಗೇಲಿ ಸ್ವಲ್ಪ ಹಿಡೀತೀನಿ. ಜೇಬು ಮುಂದಕ್ಕೆ ಬರ್ತದೆ. ಕಾಲರ್ ಕತ್ತಿಗೆ ಕೂತಿಲ್ಲ, ಇಳಿಸ್ಬೇಕು. ತೋಳು ಅರ್ಧ ಇಂಚು ಮೇಲೆ, ಶರ್ಟಿನ ಕಫ್ ಕಾಣ್ಬೇಕಲ್ವಾ."

"ಭುಜ?"

"ಮುಟ್ಟಲ್ಲ. ಒಳಗೆ ಗಮ್ ಹಾಕಿ ಅಂಟ್ಸಿರೋ ಮಾಲು ಇದು. ಜಾಸ್ತಿ ಬಿಚ್ಚಿ ಇಸ್ತ್ರಿ ಹಾಕಿದ್ರೆ ಎದೆ ಮೇಲೆ ಗುಳ್ಳೆ ಏಳ್ತದೆ. ನಿಮ್ ದುಡ್ಡೂ ದಂಡ."

ನಾಲ್ಕು ದಿನ ತಗೊಂಡರು, ನಡುವೆ ಕಚ್ಚಾ ಹೊಲಿಗೆ ಹಾಕಿ ಒಂದು ಟ್ರಯಲ್. ಅಂಗಡಿಯವರು ಫ್ರೀಯಾಗಿ ಮಾಡಿದ್ದನ್ನ ಬಿಚ್ಚೋಕೇ ಅರ್ಧ ಕೂಲಿ ಹೋಯ್ತು.

ಛತ್ರದ ಬಾಗಿಲಲ್ಲಿ ಮಾವ ನನ್ನನ್ನ ಮೇಲಿಂದ ಕೆಳಗೆ ನೋಡಿದರು. ಕಾಲರ್ ಕತ್ತಿಗೆ ಅಂಟಿ ಕೂತಿತ್ತು, ಜೇಬುಗಳು ತಮ್ಮ ಜಾಗಕ್ಕೆ ಬಂದಿದ್ದವು. "ಹೇಳಿದ್ನಲ್ಲ, ಒಳ್ಳೆ ಅಂಗಡಿ ಅದು" ಅಂತ ಖುಷಿಯಿಂದ ನನ್ನ ಭುಜ ತಟ್ಟಿದರು. ಅವರ ಕೈ ಬಿದ್ದಿದ್ದು ಪ್ಯಾಡ್ ಮೇಲೆ. ನಾನು "ಹೌದು ಮಾವ" ಅಂದೆ.