ಕಂಟೇನರಿನ ಸಾಕ್ಷ್ಯ: ಒಂದು ಆಕರವಿಮರ್ಶೆ

ಶಿವಬಸವ ನಗರದಲ್ಲಿ ವ್ಯಾಸಂಗ ಮಾಡುತ್ತಿರುವ ಕೆಲವರು ವಿದ್ಯಾರ್ಥಿಗಳು ಖಾನಾಪುರ ತಾಲೂಕಿನ ಶಾಸನಗಳಿಗೆ ಅಕಾರಾದಿ ಸೂಚಿಯೊಂದನ್ನು ಚಿಕ್ಕ ಜಾಲತಾಣದ ರೂಪದಲ್ಲಿ ಸಿದ್ಧಪಡಿಸಿ ನಮ್ಮ ವಿಮರ್ಶೆಗೆ ಒಪ್ಪಿಸಿರುವರು. ಹಲಸಿಯಲ್ಲಿ ದೊರೆತು, 1877ರಲ್ಲಿ ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕದಂಬರ ತಾಮ್ರಪಟಗಳೇ ಇದರ ಮುಖ್ಯ ಸಾಮಗ್ರಿ. ಪಾಠಗಳ ಶುದ್ಧಿ ಮೆಚ್ಚತಕ್ಕದ್ದು. ನಮ್ಮ ಆಕ್ಷೇಪವಿರುವುದು ಮುನ್ನುಡಿಯ ಒಂದು ಮಾತಿಗೆ: ಕೃತಿಯನ್ನು ಡಾಕರ್ ಕಂಟೇನರಿನಲ್ಲಿ ಇರಿಸಿರುವುದರಿಂದ ಅದು ಯಾವ ಗಣಕದಲ್ಲಿಯೂ, ಎಂದೆಂದಿಗೂ, ಇದ್ದಂತೆಯೇ ಇರುವುದಂತೆ.

2013ರಲ್ಲಿ ಬಳಕೆಗೆ ಬಂದ ಈ ಸಾಧನದ ಉಪಕಾರ ಸಣ್ಣದಲ್ಲ. ತಂತ್ರಾಂಶವನ್ನೂ ಅದಕ್ಕೆ ಬೇಕಾದ ಭಾಷೆ, ಲೈಬ್ರರಿಗಳನ್ನೂ ಒಂದೇ ಇಮೇಜಿನಲ್ಲಿ ಕಟ್ಟಿಡುವುದರಿಂದ, ಒಬ್ಬನ ಯಂತ್ರದಲ್ಲಿ ನಡೆದದ್ದು ಮತ್ತೊಬ್ಬನಲ್ಲಿ ಕೆಡುವ ತೊಂದರೆ ಬಹುಮಟ್ಟಿಗೆ ತಪ್ಪಿತು. ಆದರೆ ಡಾಕರ್‌ಫೈಲ್ ಶಾಸನವಲ್ಲ. ಶಾಸನವನ್ನು ಕೆತ್ತಿಸಲು ಕೊಟ್ಟ ಅಪ್ಪಣೆ. ಅಪ್ಪಣೆಯನ್ನು ಇಂದು ನಡೆಸಿದರೆ ಒಂದು ಪಟ, ಮುಂದಿನ ವರ್ಷ ನಡೆಸಿದರೆ ಇನ್ನೊಂದು.

ಪ್ರಕೃತ ಕೃತಿಯನ್ನೇ ನೋಡಬಹುದು. ದತ್ತಸಂಚಯಕ್ಕೆ ಇವರು ‘ಪೋಸ್ಟ್‌ಗ್ರೆಸ್ 15’ ಎಂದಷ್ಟೇ ಹೆಸರಿಸಿದ್ದಾರೆ. ಅಂಕಿ ಹಾಗೆಯೇ ಉಳಿದಿದ್ದರೂ ಆ ಹೆಸರಿನಡಿಯ ಡೆಬಿಯನ್ ಆಧಾರ 2023ರಲ್ಲಿ ಬದಲಾಯಿತು. ಅಕ್ಷರಗಳ ಅನುಕ್ರಮವನ್ನು ನಿರ್ಣಯಿಸುವುದು ಸಾಮಾನ್ಯವಾಗಿ ಈ ಆಧಾರದ ಸಿ ಲೈಬ್ರರಿಯೇ; 2018ರ ಗ್ಲಿಬ್‌ಸಿ 2.28ರಲ್ಲಿ ಅನುಕ್ರಮದ ನಿಯಮಗಳು ವ್ಯಾಪಕವಾಗಿ ಮಾರ್ಪಟ್ಟುದು ತಿಳಿದವರಿಗೆ ತಿಳಿದ ಸಂಗತಿ. ಹಳೆಯ ಕ್ರಮದಲ್ಲಿ ರಚಿತವಾದ ಸೂಚಿಯನ್ನು ಹೊಸ ಕ್ರಮದಲ್ಲಿ ಶೋಧಿಸಿದರೆ, ಶಾಸನ ಇದ್ದೂ ದೊರೆಯದೆ ಹೋಗಬಹುದು. ದೋಷಸೂಚನೆಯೊಂದು ಎದ್ದರೂ ಅದು ದಿನಚರಿ ಕಡತದಲ್ಲಿ ಉಳಿಯುವುದಲ್ಲದೆ ಓದುಗನ ಕಣ್ಣಿಗೆ ಬೀಳದು. ‘ಪಲಾಶಿಕಾ’ ಎಂದು ಹುಡುಕಿ ಏನನ್ನೂ ಕಾಣದವನು ಅಂಥ ಶಾಸನವೇ ಇಲ್ಲವೆಂದು ಬರೆದಾನು! ಅಕಾರಾದಿಯೇ ಪ್ರಾಣವಾದ ಕೃತಿಗೆ ಇದು ಅಲ್ಪ ದೋಷವಲ್ಲ.

ತಾಮ್ರಪಟಗಳನ್ನು ಬಳೆಯಲ್ಲಿ ಪೋಣಿಸಿ ಮುದ್ರೆಯೊತ್ತುತ್ತಿದ್ದ ಪದ್ಧತಿಯನ್ನು ಇವರು ಬಲ್ಲರು. ಇಮೇಜಿಗೂ ಅಂಥ ಮುದ್ರೆಯುಂಟು: ಅದರ ಅಂಶಗಳಿಂದಲೇ ಗಣಿಸಿದ, 64 ಅಕ್ಷರಗಳ ಶಾ-256 ಸಂಕೇತ. ಹೆಸರಿನ ಬದಲು ಇದನ್ನು ಬರೆದಿದ್ದರೆ ಆಧಾರ ಅಲುಗುತ್ತಿರಲಿಲ್ಲ. ಆದರೂ ಕಟ್ಟುವಾಗ ಜಾಲದಿಂದ ತರಿಸುವ ಪೊಟ್ಟಣಗಳು ಅಂದಂದಿನವೇ. ಆದಕಾರಣ ಕಟ್ಟಿದ ಇಮೇಜನ್ನೇ ಕಡತವಾಗಿ ಕಾದಿಡುವುದು ಲೇಸು.

ಇನ್ನೊಂದು ಲೋಪ ಇದಕ್ಕಿಂತ ಗುರುತರವಾದುದು. ತಿದ್ದಿದ ಪಾಠಗಳೆಲ್ಲವೂ ಡಾಕರಿನ ವಾಲ್ಯೂಮಿನಲ್ಲಿ ಮಾತ್ರ ಇವೆ. ಕಂಟೇನರನ್ನು ಅಳಿಸಿದರೂ ವಾಲ್ಯೂಮ್ ಉಳಿಯುವುದೇನೋ ನಿಜ. ಆದರೆ ಕಂಪೋಸಿನ ‘ಡೌನ್’ ಆಜ್ಞೆಗೆ ‘-ವಿ’ ಎಂದು ಸೇರಿಸಿದ ಕ್ಷಣ ಅದೂ ಹೋಗುವುದು. ಇವರ ಕೈಪಿಡಿಯಲ್ಲಿ ‘ಹೊಸದಾಗಿ ಆರಂಭಿಸಲು’ ಎಂದು ಕೊಟ್ಟಿರುವುದು ಇದೇ ಆಜ್ಞೆಯನ್ನು. ಪಾಠಗಳನ್ನು ಸಾದಾ ಪಠ್ಯಕಡತಗಳಾಗಿ ಬೇರೊಂದೆಡೆ ಇರಿಸುವ ತನಕ ಆ ಸಾಲನ್ನು ಕೈಪಿಡಿಯಿಂದ ತೆಗೆಯತಕ್ಕದ್ದು.