ಸೊಂಟದ ಮೇಲಿನ ಕುಸ್ತಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಕುಸ್ತಿ ನೋಡುವವರಿಗೆ ಬರವಿಲ್ಲ. ಜಾತ್ರೆ ಬಂತೆಂದರೆ ಹಲಗೆ ಸದ್ದಿಗೆ ಅಖಾಡದ ಸುತ್ತ ಅಜ್ಜ, ಮಗ, ಮೊಮ್ಮಗ ಒಟ್ಟಿಗೆ ಕೂತಿರುತ್ತಾರೆ. ಯಾರು ಯಾವ ಗರಡಿಯವ, ಅವನ ಉಸ್ತಾದ ಯಾರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಇದೇ ಬಾಗಲಕೋಟೆ ಜಿಲ್ಲೆಯ ಕುಸ್ತಿಪಟು ಅರ್ಜುನ್ ಹಲಕುರ್ಕಿ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಎರಡು ಸಲ ಕಂಚು ಗೆದ್ದಿದ್ದಾರೆ. ಸಾಧನೆಗೆ ತಕ್ಕ ಹೆಸರು ಮಾತ್ರ ಅವರಿಗೆ ಇಲ್ಲಿ ಸಿಕ್ಕಿಲ್ಲ.

ಕಾರಣ ಅವರ ಆಟದ ಬಗೆಯಲ್ಲೇ ಇದೆ. ಅವರದು ಗ್ರೀಕೊ ರೋಮನ್ ಶೈಲಿ. ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲಿನಿಂದ ಎದುರಾಳಿಯನ್ನು ಕೆಡವುವಂತಿಲ್ಲ. ನಮ್ಮ ಜಾತ್ರೆಗಳ ಮಟ್ಟಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೋ, ಕುಸ್ತಿ ಮುಗಿಯಿತು; ಅದನ್ನು ತೀರ್ಪುಗಾರ ಹೇಳಬೇಕಿಲ್ಲ, ಜನವೇ ಕೂಗುತ್ತದೆ. ಮ್ಯಾಟ್ ಮೇಲಿನ ಗ್ರೀಕೊ ರೋಮನ್‌ನ ಆರು ನಿಮಿಷ ಬಹುಪಾಲು ಅಂಕದ ಲೆಕ್ಕ. ಆ ಲೆಕ್ಕ ಗೊತ್ತಿಲ್ಲದವರಿಗೆ ಇಬ್ಬರು ತೋಳಿಗೆ ತೋಳು ಕೊಟ್ಟು ನೂಕಾಡುವುದಷ್ಟೇ ಕಾಣುತ್ತದೆ. ಜೊತೆಗೆ ಅರ್ಜುನ್ ಪದಕ ಗೆದ್ದದ್ದು 55 ಕೆ.ಜಿ. ವಿಭಾಗದಲ್ಲಿ. ಜಾತ್ರೆಯ ಕೊನೆಯ ದೊಡ್ಡ ಜೋಡಿಗೆ ನಮ್ಮ ಜನ ಕಾಯುವುದು ಭಾರೀ ಮೈಕಟ್ಟಿನ ಪೈಲ್ವಾನರಿಗಾಗಿ.

ಅವರ ಆಟವನ್ನು ಅಭಿಮಾನ ಬದಿಗಿಟ್ಟು ತೂಗಬೇಕು. 2020ರ ಫೆಬ್ರುವರಿ 18ರಂದು ದೆಹಲಿಯ ಕೆ.ಡಿ. ಜಾಧವ್ ಕ್ರೀಡಾಂಗಣದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಇರಾನಿನ ಪಟುವಿನ ಎದುರು ಅರ್ಜುನ್ 7–1ರಿಂದ ಮುಂದಿದ್ದರು, ಸೋತದ್ದು 7–8ರಿಂದ. ಈ ಶೈಲಿಯಲ್ಲಿ ನೆಲಕ್ಕೆ ಬಿದ್ದವನನ್ನು ಸೊಂಟ ಹಿಡಿದು ಒಂದೊಂದು ಸಲ ಉರುಳಿಸಿದಾಗಲೂ ಎರಡೆರಡು ಅಂಕ. ಹಾಗಾಗಿ ಆರು ಅಂಕದ ಮುನ್ನಡೆ ಭದ್ರವಲ್ಲ. ಆದರೂ ಅದನ್ನು ಕಾಯುವ ಸಂಯಮ ಬೇಕಿತ್ತು. ಅದೇ ದಿನ ಕೊರಿಯಾದ ಪಟುವನ್ನು 7–4ರಿಂದ ಸೋಲಿಸಿ ಕಂಚು ಗೆದ್ದರು. ಕೈಗೆ ಬಂದ ಫೈನಲ್ ಜಾರಿದ ಮೇಲೆ ಮತ್ತೆ ಮ್ಯಾಟ್ ಹತ್ತಿ ಹಾಗೆ ಗೆಲ್ಲುವುದನ್ನು ನಾನು ತುಂಬಾ ದೊಡ್ಡದೆಂದು ಎಣಿಸುತ್ತೇನೆ.

2022ರ ಏಪ್ರಿಲ್‌ನಲ್ಲಿ ಉಲಾನ್‌ಬಾತರ್‌ನಲ್ಲಿ ಮಂಗೋಲಿಯಾದ ಮುಂಖ್ ಎರ್ಡೆನೆಯನ್ನು ಅವನ ದೇಶದ ಜನರೆದುರೇ 10–7ರಿಂದ ಮಣಿಸಿ ಎರಡನೆಯ ಕಂಚು. ಈ ಅಂಕಗಳನ್ನೇ ನೋಡಿ: ದಾಳಿ ಧಾರಾಳ, ರಕ್ಷಣೆ ಸಡಿಲ. ಎರಡು ವರ್ಷದಲ್ಲಿ ಈ ಗುಣವೂ ಬದಲಾಗಲಿಲ್ಲ, ದೋಷವೂ ಬದಲಾಗಲಿಲ್ಲ. ನೋಡುವವರಿಗೆ ಇಂಥ ಕುಸ್ತಿ ಹಬ್ಬ. ಅಂಕ ಉಳಿಸಿಕೊಂಡು ಹೊತ್ತು ಕಳೆಯುವ ಪೈಲ್ವಾನನಿಗಿಂತ ನಮ್ಮ ಅಖಾಡದ ಮನಸ್ಸಿಗೆ ಅರ್ಜುನ್ ಹೆಚ್ಚು ಹತ್ತಿರದವರು.

ಅವರಿಗಾದ ದೊಡ್ಡ ಅನ್ಯಾಯ ಮಾತ್ರ ತೂಕದ್ದು. 2012ರ ಲಂಡನ್ ಒಲಿಂಪಿಕ್ಸ್‌ವರೆಗೂ ಗ್ರೀಕೊ ರೋಮನ್‌ನಲ್ಲಿ 55 ಕೆ.ಜಿ. ವಿಭಾಗ ಇತ್ತು, ಆಮೇಲೆ ತೆಗೆದರು. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಅತಿ ಕಡಿಮೆ ತೂಕವೆಂದರೆ 60. ಏಷ್ಯಾದಲ್ಲಿ ಎರಡು ಪದಕ ತಂದ ತೂಕದಲ್ಲಿ ಒಲಿಂಪಿಕ್ಸ್‌ನ ಬಾಗಿಲೇ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್ ಬಂದಾಗಲಷ್ಟೇ ಕುಸ್ತಿಪಟುಗಳ ಹೆಸರು ಕೇಳುವ ದೇಶದಲ್ಲಿ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ಈ ಆಟದ ಲೆಕ್ಕ ನಮ್ಮ ಜನಕ್ಕೂ ತಿಳಿಯಲೆಂದು ನಮ್ಮೂರ ಜಾತ್ರೆಗಳ ಕುಸ್ತಿ ಕಮಿಟಿಯವರಲ್ಲಿ ಒಂದು ವಿನಂತಿ. ಮಟ್ಟಿ ಕುಸ್ತಿ ಇರಲಿ, ಬಹುಮಾನದ ಗದೆಯೂ ಇರಲಿ. ಮುಂದಿನ ಸಲ ಅಖಾಡದ ಪಕ್ಕದಲ್ಲಿ ಒಂದು ಮ್ಯಾಟ್ ಹಾಸಿ, ನಾಲ್ಕು ಜೋಡಿ ಹುಡುಗರಿಗೆ ಗ್ರೀಕೊ ರೋಮನ್ ಆಡಿಸಿ. ಪ್ರತಿ ಅಂಕ ಯಾಕೆ ಬಂತೆಂದು ಮೈಕಿನಲ್ಲಿ ಬಿಡಿಸಿ ಹೇಳಿ.