ನಿರ್ದೇಶಕನ ಸಮಗ್ರ ದರ್ಶನ

ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಮಾತ್ರ ಓದಿ ‘ಆದಿಪುರಾಣ’ವನ್ನು ಕೈಬಿಟ್ಟವನು ಪಂಪನನ್ನು ಅರ್ಧವೇ ಬಲ್ಲನು. ಕಾವ್ಯದಲ್ಲಿ ಎಲ್ಲರೂ ಒಪ್ಪುವ ಈ ನ್ಯಾಯ ಚಲಚ್ಚಿತ್ರಕ್ಕೆ ಇನ್ನೂ ಪೂರ್ಣವಾಗಿ ಸಂದಿಲ್ಲ. ಒಂದೆರಡು ಪ್ರಸಿದ್ಧ ಚಿತ್ರಗಳನ್ನು ನೋಡಿ ನಿರ್ದೇಶಕನ ಯೋಗ್ಯತೆಯನ್ನು ನಿರ್ಣಯಿಸುವುದೇ ವಾಡಿಕೆಯಾಗಿದೆ. ಇದಕ್ಕೆ ಪ್ರತಿಯಾಗಿ, ಕೆಲವೇ ನಿರ್ದೇಶಕರನ್ನು ಆರಿಸಿಕೊಂಡು ಅವರ ಚಿತ್ರಗಳನ್ನೆಲ್ಲ ಕ್ರಮವಾಗಿ ನೋಡಿ ಮುಗಿಸುವೆನೆಂದು ತನ್ನೊಡನೆ ತಾನೇ ಪಂಥ ಕಟ್ಟಿಕೊಳ್ಳುವ ರಸಿಕರೂ ಉಂಟು. ಇಂತಹ ಪಂಥದ ಫಲವೇನು, ಅದರಲ್ಲಿ ಅಡಗಿರುವ ಅಪಾಯವೇನು ಎಂಬುದು ವಿಚಾರಾರ್ಹವಾಗಿದೆ.

ಫಲ ಎಷ್ಟೆಂಬುದಕ್ಕೆ ಜಪಾನಿನ ಯಾಸುಜಿರೊ ಓಜು (1903–1963) ಉತ್ತಮ ನಿದರ್ಶನ. ಅವನ 1949ರ ‘ಲೇಟ್ ಸ್ಪ್ರಿಂಗ್’ ಚಿತ್ರದಲ್ಲಿ ವಿಧುರನಾದ ತಂದೆ ಮಗಳನ್ನು ಮದುವೆಗೆ ಒಪ್ಪಿಸಲೆಂದು ತಾನೇ ಮರುಮದುವೆಯಾಗುವಂತೆ ನಟಿಸುತ್ತಾನೆ. ಮಗಳಾಗಿ ಅಭಿನಯಿಸಿದವಳು ಸೆತ್ಸುಕೊ ಹಾರಾ. 1960ರ ‘ಲೇಟ್ ಆಟಮ್’ನಲ್ಲಿ ಅದೇ ಸನ್ನಿವೇಶ ಮರಳುತ್ತದೆ, ಈಗ ಮಗಳನ್ನು ಕಳುಹಿಸಿಕೊಟ್ಟು ಒಂಟಿಯಾಗುವ ವಿಧವೆ ತಾಯಿ ಅದೇ ಹಾರಾ! ಎರಡನೆಯದನ್ನು ಮಾತ್ರ ಕಂಡವನಿಗೆ ಅದೊಂದು ಸಂಸಾರದ ಕಥೆ. ಎರಡನ್ನೂ ಕಂಡವನಿಗಾದರೋ ಅಂದಿನ ಮಗಳೇ ಇಂದಿನ ತಾಯಿಯಾದಂತೆ, ಕಾಲವೇ ಪಾತ್ರವಾಗಿ ಎದುರು ನಿಂತಂತೆ ತೋರುತ್ತದೆ. ಪುನರುಕ್ತಿಯೆಂದು ಹಳಿಯಬಹುದಾದುದು ಇಲ್ಲಿ ಅರ್ಥದ ಮೂಲವಾಗಿದೆ. ಈ ಅರ್ಥ ಯಾವ ಒಂದು ಚಿತ್ರದಲ್ಲಿಯೂ ಇಲ್ಲ. ಅದು ಚಿತ್ರಗಳ ನಡುವೆ ಇದೆ.

ಕ್ರಮವಾಗಿ ನೋಡುವುದೆಂದರೆ ಯಾವ ಕ್ರಮ? ಋತ್ವಿಕ್ ಘಟಕ್ ಅವರ ‘ನಾಗರಿಕ್’ 1952ರಲ್ಲಿ ಸಿದ್ಧವಾಯಿತು, ಅಂದರೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ (1955)ಗಿಂತ ಮೊದಲು. ಆದರೆ ಅದು ಬೆಳಕು ಕಂಡದ್ದು ಘಟಕ್ ತೀರಿಕೊಂಡ ಮರುವರ್ಷ, 1977ರಲ್ಲಿ. ಬಿಡುಗಡೆಯ ವರ್ಷಗಳನ್ನು ನಂಬಿ ಹೊರಟವನಿಗೆ ಮೊದಲ ಹೆಜ್ಜೆಯೇ ಕೊನೆಯದಾಗಿ ಕಾಣುವುದು. ಅದಲ್ಲದೆ, ‘ಮೇಘೇ ಢಾಕಾ ತಾರಾ’ (1960) ಒಂದನ್ನೇ ನೋಡಿದವರು ಘಟಕ್‌ರನ್ನು ಕೇವಲ ಶೋಕದ ಕವಿಯೆಂದು ಬಗೆಯುತ್ತಾರೆ. ದೇಶವಿಭಜನೆಯ ಅದೇ ಗಾಯವನ್ನು ಹೊತ್ತ ‘ಕೋಮಲ್ ಗಾಂಧಾರ್’ (1961) ನಾಯಕ ನಾಯಿಕೆಯರ ಮಿಲನದಲ್ಲಿ ಮುಗಿಯುತ್ತದೆಂಬುದನ್ನು ಅವರು ಅರಿಯರು. ಜನಾದರಣೆ ಪಡೆಯದ ಈ ಚಿತ್ರವನ್ನು ಬಿಟ್ಟರೆ ಘಟಕ್‌ರ ಆಸೆಯನ್ನೇ ಬಿಟ್ಟಂತಾಗುತ್ತದೆ.

ಕನ್ನಡದ ಪುಟ್ಟಣ್ಣ ಕಣಗಾಲರ (1933–1985) ವಿಷಯದಲ್ಲಿ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ‘ಬೆಳ್ಳಿಮೋಡ’ (1967) ಕನ್ನಡದಲ್ಲಿ ಅವರ ಪ್ರಥಮ ಚಿತ್ರವೇ ಹೊರತು ಅವರ ಪ್ರಥಮ ಚಿತ್ರವಲ್ಲ. 1964ರಲ್ಲಿಯೇ ಅವರು ಮಲಯಾಳದಲ್ಲಿ ‘ಸ್ಕೂಲ್ ಮಾಸ್ಟರ್’ ನಿರ್ದೇಶಿಸಿದ್ದರು. ‘ನಾಗರಹಾವು’ (1972) ಚಿತ್ರವನ್ನು 1974ರಲ್ಲಿ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂಬ ಹೆಸರಿನಿಂದ ಮತ್ತೆ ತೆಗೆದವರೂ ಅವರೇ. ಪರಭಾಷೆಯ ನಗರಗಳಲ್ಲಿ ನೆಲೆಸಿ ಎರಡು ಮೂರು ಭಾಷೆಗಳಲ್ಲಿ ವ್ಯವಹರಿಸುವ ಕನ್ನಡಿಗರು ಇವುಗಳನ್ನು ಹೋಲಿಸಿ ನೋಡಲು ಇತರರಿಗಿಂತ ಹೆಚ್ಚು ಸಮರ್ಥರು.

ಇಲ್ಲಿಯೇ ಪಂಥದ ಅಪಾಯವೂ ಕಾಣಿಸುತ್ತದೆ. ‘ಬೆಳ್ಳಿಮೋಡ’ದ ಇಂದಿರೆ ತನ್ನನ್ನು ಒಮ್ಮೆ ತೊರೆದವನನ್ನು ಕೊನೆಗೆ ನಿರಾಕರಿಸುತ್ತಾಳೆ, ‘ಶರಪಂಜರ’ದ (1971) ಕಾವೇರಿ ಸಮಾಜದ ಸಂಶಯಕ್ಕೆ ಸಿಕ್ಕಿ ಮತ್ತೆ ಬುದ್ಧಿವಿಕಲಳಾಗುತ್ತಾಳೆ. ಎರಡೂ ಪಾತ್ರಗಳಿಗೆ ಜೀವ ಕೊಟ್ಟವರು ಕಲ್ಪನಾ. ಸ್ತ್ರೀಯ ಸಂಕಟವನ್ನು ಇಷ್ಟು ಆಳವಾಗಿ ಕಂಡದ್ದು ನಿರ್ದೇಶಕನ ದೃಷ್ಟಿಯೆಂದು ಬರೆದುಬಿಡುವುದು ಸುಲಭ. ಆದರೆ ಎರಡೂ ಚಿತ್ರಗಳ ಮೂಲ ತ್ರಿವೇಣಿಯವರ ಕಾದಂಬರಿಗಳು, ಮತ್ತು ತ್ರಿವೇಣಿಯವರು 1963ರಲ್ಲಿಯೇ ತೀರಿಕೊಂಡಿದ್ದರು. ಓಜುವಿನ ಮೇಲ್ಕಂಡ ಎರಡು ಚಿತ್ರಗಳ ಕಥಾರಚನೆಯಲ್ಲಿಯೂ ಕೋಗೊ ನೋಡ ಜೊತೆಗಿದ್ದನು. ಒಬ್ಬನ ಹೆಸರಿನಲ್ಲಿ ಎಲ್ಲವನ್ನೂ ಒಟ್ಟುಗೂಡಿಸುವ ಅಭ್ಯಾಸ ಉಳಿದವರ ಪಾಲನ್ನು ಅರಿಯದೆಯೇ ಕಸಿದುಕೊಳ್ಳುತ್ತದೆ.

ಇನ್ನೊಂದು ಅಪಾಯ ಎಣಿಕೆಯ ಹೆಮ್ಮೆ. ಇಷ್ಟು ಚಿತ್ರಗಳನ್ನು ನೋಡಿ ಮುಗಿಸಿದೆನೆಂಬ ಲೆಕ್ಕ ವಿಮರ್ಶೆಯಾಗದು. ಓಜುವಿನ ಪ್ರಥಮ ಚಿತ್ರವೇ (1927) ಇಂದು ಉಳಿದಿಲ್ಲವಾದುದರಿಂದ ಅವನ ಸಮಗ್ರ ದರ್ಶನ ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಸಮಗ್ರತೆಯೆಂಬುದು ತಲುಪುವ ಊರಲ್ಲ, ನಡೆಯುವ ದಾರಿ.

ಹೀಗಿದ್ದರೂ ಪಂಥ ಕಟ್ಟಬೇಕಾದುದೇ. ಯಶಸ್ವಿ ಚಿತ್ರದೊಡನೆ ಸೋತ ಚಿತ್ರವನ್ನೂ, ನಿರ್ದೇಶಕನೊಡನೆ ಕಾದಂಬರಿಕಾರರನ್ನೂ ನಟರನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಅದು ಸಾರ್ಥಕ. ‘ಶರಪಂಜರ’ವನ್ನು ನೋಡಿದ ಮೇಲೆ ತ್ರಿವೇಣಿಯವರ ಪುಸ್ತಕವನ್ನೂ ಕೈಗೆತ್ತಿಕೊಳ್ಳುವ ರಸಿಕನೇ ಪುಟ್ಟಣ್ಣನವರಿಗೆ ನಿಜವಾದ ನ್ಯಾಯ ಸಲ್ಲಿಸುವನು.